ಹೊಸ್ತಿಲೊಳಗಿನ ಕೆಂಪು ಮಣ್ಣು

ನಮ್ಮ ಮನೆಯ 1970ರ ಫಿಯೆಟ್ 1100 ಡಿ ಕಾರಿನ ಬಲಬದಿಯ ಹಿಂದಿನ ಬಾಗಿಲನ್ನು ಮುಚ್ಚಬೇಕಾದರೆ ಅದನ್ನು ತುಸು ಮೇಲಕ್ಕೆತ್ತಿ ಆಮೇಲೆ ತಳ್ಳಬೇಕಿತ್ತು. ಈ ವಿದ್ಯೆ ಮನೆಯವರಿಗೆಲ್ಲ ಎಷ್ಟು ರೂಢಿಯಾಗಿತ್ತೆಂದರೆ, ಊರಿನಿಂದ ಬಂದ ನೆಂಟರು ಆ ಬಾಗಿಲನ್ನು ಧಡಾರನೆ ಎಳೆದುಕೊಂಡಾಗ ಮಾತ್ರ ಅದರಲ್ಲಿ ಏನೋ ಐಬಿದೆ ಎಂಬುದು ನಮಗೆ ನೆನಪಾಗುತ್ತಿತ್ತು. ಕೀಲು ಸವೆದಿದೆ ಎಂದು ಅಪ್ಪಯ್ಯ ಹೇಳುತ್ತಿದ್ದರು. ಅವರ ಕಾಲದಲ್ಲಿ ಕೀಲಿನ ಪಿನ್ನುಗಳನ್ನು ಎರಡು ಸಲ ಬದಲಿಸಿಯೂ ಆಗಿತ್ತು. 2022ರ ನವೆಂಬರಿನಲ್ಲಿ ಮುಂಬಯಿಯ ಕುರ್ಲಾದ ಸಣ್ಣದೊಂದು ಡೆಂಟಿಂಗ್ ಗ್ಯಾರೇಜಿಗೆ ಕಾರನ್ನು ಟೋ ಮಾಡಿಸಿಕೊಂಡು ಹೋದಾಗ ಅಲ್ಲಿನ ಉಸ್ತಾದರು ಬಾಗಿಲನ್ನು ಒಮ್ಮೆ ತೆರೆದು ಮುಚ್ಚಿ ನೋಡಿದರು. ಆಮೇಲೆ ಕೀಲಿನ ಕಡೆ ಕಣ್ಣೂ ಹಾಯಿಸದೆ, ನೆಲಕ್ಕೆ ರಟ್ಟು ಹಾಸಿ ಅಂಗಾತ ಮಲಗಿ, ಬಾಗಿಲ ಕೆಳಗಿನ ತಗಡಿಗೆ ಸ್ಕ್ರೂಡ್ರೈವರನ್ನು ಒತ್ತಿದರು. ಅದು ಹಿಡಿಕೆಯವರೆಗೂ ಒಳಗೆ ಹೋಯಿತು.

“ಕೀಲಾ ಬರೋಬರಿ ಅದಾವ್ರಿ ಸರ,” ಎಂದರು ಮಲಗಿದಲ್ಲಿಂದಲೇ. “ಬಾಗಿಲಾ ಜೋತಿಲ್ಲ. ಗಾಡೀನೇ ನಡುವಿನ್ಯಾಗ ಬಗ್ಗೇದ.”

ಉಸ್ತಾದರು ಕಲಬುರಗಿ ಕಡೆಯವರು. ಕಾರನ್ನು ಟೋ ಗಾಡಿಯಿಂದ ಇಳಿಸುವಾಗ ನಾನು ಫೋನಿನಲ್ಲಿ ಅಮ್ಮನೊಡನೆ ಆಡಿದ ಕುಂದಾಪುರದ ಮಾತು ಕಿವಿಗೆ ಬಿದ್ದುದರಿಂದ, ಹಿಂದಿಯ ಗೊಡವೆಗೇ ಹೋಗದೆ ಕನ್ನಡದಲ್ಲಿ ಆರಂಭಿಸಿದ್ದರು. ಅವರ ಕನ್ನಡ ನನಗೆ ಮುಕ್ಕಾಲುಪಾಲು, ನನ್ನದು ಅವರಿಗೆ ಅರ್ಧಪಾಲು ತಿಳಿಯುತ್ತಿತ್ತು. ಉಳಿದದ್ದನ್ನು ಸುತ್ತಿಗೆ ತೋರಿಸಿ ಹೇಳುತ್ತಿದ್ದರು. ಕಾರಿನ ಮಟ್ಟಿಗೆ ಕುರ್ಲಾ ತವರೂರು. ವಾಲ್‌ಚಂದ್ ಹಿರಾಚಂದ್ ಅವರು 1944ರಲ್ಲಿ ಕಟ್ಟಿದ ಪ್ರೀಮಿಯರ್ ಆಟೊಮೊಬೈಲ್ಸ್ ಸಂಸ್ಥೆಯ ಕಾರ್ಖಾನೆ ಇದ್ದದ್ದು ಅಲ್ಲಿಯೇ. 1964ರಿಂದ ಈ 1100 ಡಿ ತಯಾರಾದದ್ದೂ, ಮುಂದೆ ಎಪ್ಪತ್ತರ ದಶಕದಲ್ಲಿ ಅದೇ ಕಾರು ಪದ್ಮಿನಿ ಎಂಬ ಹೆಸರು ಪಡೆದು ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಯಾದದ್ದೂ ಅಲ್ಲಿಯೇ. ಅಪ್ಪಯ್ಯ ಇದನ್ನು 1976ರಲ್ಲಿ ಚೆಂಬೂರಿನಲ್ಲಿ ಎರಡನೆಯ ಕೈಯಿಂದ ಕೊಂಡರು. ಅವರು 2009ರಲ್ಲಿ ತೀರಿಕೊಂಡ ಮೇಲೆ ಕಾರು ನಮ್ಮ ಸೊಸೈಟಿಯ ಮಳೆಮರದ ಕೆಳಗೆ ಟಾರ್ಪಾಲಿನ್ ಹೊದ್ದು ನಿಂತಿತ್ತು. ಟಾರ್ಪಾಲಿನ್ ಹೊದಿಸಿದ್ದು ನಾನೇ. ತೇವವನ್ನು ಒಳಗೇ ಹಿಡಿದಿಡುವುದಕ್ಕೆ ಅದಕ್ಕಿಂತ ಒಳ್ಳೆಯ ಉಪಾಯ ಇನ್ನೊಂದಿಲ್ಲವೆಂಬುದು ನನಗೆ ಆಗ ತಿಳಿದಿರಲಿಲ್ಲ.

ಬಾಗಿಲು ಸರಿಯಾಗಿ ಮುಚ್ಚದಿದ್ದುದಕ್ಕೂ ಕೆಳಗಿನ ತಗಡು ಕೊಳೆತದ್ದಕ್ಕೂ ಏನು ಸಂಬಂಧ ಎಂಬುದನ್ನು ತಿಳಿಯಬೇಕಾದರೆ ಈ ಕಾರಿನ ಕಟ್ಟಡವನ್ನು ನೋಡಬೇಕು. ಜೀಪಿಗೆ ಅಥವಾ ಲಾರಿಗೆ ಇರುವಂತೆ ಇದಕ್ಕೆ ಮೈಯನ್ನು ಹೊರುವ ಪ್ರತ್ಯೇಕವಾದ ಚೌಕಟ್ಟು, ಅಂದರೆ ಷಾಸಿ, ಇಲ್ಲ. ನೆಲ, ಕಂಬ, ಮಾಡು, ಬಾಗಿಲ ಕೆಳಗಿನ ತೊಲೆ ಎಲ್ಲವನ್ನೂ ತಗಡಿನಿಂದ ಮಡಿಸಿ ಒಂದಕ್ಕೊಂದು ಬೆಸೆದು, ಆ ಪೆಟ್ಟಿಗೆಯೇ ಭಾರ ಹೊರುವಂತೆ ಮಾಡಿದ್ದಾರೆ. ಬಾಗಿಲ ಕೆಳಗೆ ಉದ್ದಕ್ಕೂ ಹಾದುಹೋಗುವ ಈ ತೊಲೆಯನ್ನು ಗ್ಯಾರೇಜಿನಲ್ಲಿ ಸಿಲ್ ಎನ್ನುತ್ತಾರೆ. ನನಗೆ ಹೊಸ್ತಿಲು ಎಂಬ ಮಾತೇ ಹೆಚ್ಚು ಒಪ್ಪುತ್ತದೆ. ಹೊರಗೊಂದು ಒಳಗೊಂದು ತಗಡು ಸೇರಿ ಆದ ಟೊಳ್ಳು ಪೆಟ್ಟಿಗೆ ಅದು. ನಾಲ್ಕು ಬಾಗಿಲುಗಳಿಗಾಗಿ ಪಕ್ಕದ ಗೋಡೆಯನ್ನೆಲ್ಲ ಕತ್ತರಿಸಿ ತೆಗೆದ ಮೇಲೆ, ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವೆ ಕಾರು ಬಾಗದಂತೆ ತಡೆಯುವ ಕೆಲಸದ ಬಹುಪಾಲು ಈ ಪೆಟ್ಟಿಗೆಯ ಮೇಲೆ ಬೀಳುತ್ತದೆ. ಅದು ಟೊಳ್ಳಾಗಿರುವುದರಿಂದಲೇ ಗಟ್ಟಿ, ಟೊಳ್ಳಾಗಿರುವುದರಿಂದಲೇ ಅದರೊಳಗೆ ಏನು ನಡೆಯುತ್ತಿದೆ ಎಂಬುದು ಯಾರಿಗೂ ಕಾಣುವುದಿಲ್ಲ.

ತುಕ್ಕು ಹೊರಗಿನಿಂದ ಒಳಕ್ಕೆ ಹೋಗುತ್ತದೆ ಎಂದು ನಾನು ಬಹುಕಾಲ ಭಾವಿಸಿದ್ದೆ. ಬಣ್ಣ ಎಲ್ಲೋ ಗೀಚಿಹೋಗಿ, ಅಲ್ಲಿಂದ ಕಬ್ಬಿಣ ಕೆಡುತ್ತ ಬರುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ಹೊರಗಿನ ಗೀಚು ಕಣ್ಣಿಗೆ ಕಾಣುತ್ತದೆ, ಒರೆಸಿದರೆ ಒಣಗುತ್ತದೆ, ಬಿಸಿಲು ಬಿದ್ದರೆ ಗಂಟೆಯೊಳಗೆ ತೇವ ಆರುತ್ತದೆ. ಕಾರನ್ನು ತಿನ್ನುವ ತುಕ್ಕು ಹುಟ್ಟುವುದು ಗಾಳಿಯಾಡದ ಟೊಳ್ಳಿನಲ್ಲಿ, ಎರಡು ತಗಡುಗಳು ಒಂದರ ಮೇಲೊಂದು ಕೂತ ಸಂದಿನಲ್ಲಿ, ಕಸ ತುಂಬಿಕೊಂಡ ಮೂಲೆಯಲ್ಲಿ. ಬಣ್ಣದ ಮೇಲೆ ಸಾಸಿವೆ ಗಾತ್ರದ ಗುಳ್ಳೆ ಎದ್ದಾಗ ನಾವು ನೋಡುವುದು ಆ ಕಥೆಯ ಕೊನೆಯ ಅಧ್ಯಾಯವನ್ನು. ಕಬ್ಬಿಣ ತುಕ್ಕಾದಾಗ ಮೊದಲಿದ್ದುದಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಹಾಗೆ ಉಬ್ಬಿದ್ದು ಬಣ್ಣವನ್ನು ಒಳಗಿನಿಂದ ತಳ್ಳಿದಾಗ ಗುಳ್ಳೆಯಾಗುತ್ತದೆ. ನೀರು ಮತ್ತು ಗಾಳಿಯ ಆಮ್ಲಜನಕ ಸೇರಿದರೆ ಸಾಕು, ಕಬ್ಬಿಣ ಕೆಡುತ್ತದೆ. ಉಪ್ಪು ಜೊತೆಗೂಡಿದರೆ ಆ ನೀರು ವಿದ್ಯುತ್ತನ್ನು ಇನ್ನೂ ಸಲೀಸಾಗಿ ಹರಿಯಬಿಟ್ಟು ಕೆಲಸವನ್ನು ಬೇಗ ಮುಗಿಸುತ್ತದೆ, ಅಲ್ಲದೆ ಗಾಳಿಯ ತೇವವನ್ನು ತಾನೇ ಎಳೆದುಕೊಳ್ಳುತ್ತದೆ. ವರ್ಷಕ್ಕೆ 2000 ಮಿಲಿಮೀಟರಿಗೂ ಮೀರಿದ ಮಳೆ, ಅದೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿಯುವ, ಮೂರು ಕಡೆ ಉಪ್ಪುನೀರು ಇರುವ ಮುಂಬಯಿಯಲ್ಲಿ ಈ ಎಲ್ಲ ಸಾಮಗ್ರಿ ಧಾರಾಳವಾಗಿ ದೊರೆಯುತ್ತದೆ.

ಇದಕ್ಕೆ ಅಪ್ಪಯ್ಯನ ಅಕ್ಕರೆಯನ್ನೂ ಸೇರಿಸಬೇಕು. ಪ್ರತಿದಿನ ಬೆಳಿಗ್ಗೆ ಎರಡು ಬಕೆಟ್ ನೀರು ಸುರಿದು ಕಾರು ತೊಳೆಯದೆ ಅವರು ಕಾಫಿ ಮುಟ್ಟುತ್ತಿರಲಿಲ್ಲ. ಬಾಗಿಲ ಗಾಜು ಇಳಿಯುವ ಸೀಳಿನಿಂದ ನೀರು ಒಳಗಿಳಿಯುವುದು ಯಾವ ಕಾರಿನಲ್ಲಾದರೂ ಸಹಜವೇ. ಅದು ಹೊರಹೋಗಲೆಂದೇ ಬಾಗಿಲ ತಳದಲ್ಲಿ ಸಣ್ಣ ತೂತುಗಳನ್ನು ಇಟ್ಟಿರುತ್ತಾರೆ. ಮಳೆಮರದ ಎಲೆ ಎಷ್ಟು ಸಣ್ಣದೆಂದರೆ ಅದು ಆ ಸೀಳಿನಲ್ಲಿ ಇಳಿದು, ತಳದ ತೂತಿಗೆ ಅಳತೆ ತೆಗೆದು ಮಾಡಿದ ಬಿರಡೆಯಂತೆ ಕೂರುತ್ತದೆ. ಹೀಗೆ ಮಳೆಗಾಲದಲ್ಲಿ ಮಳೆಯಿಂದಲೂ ಬೇಸಗೆಯಲ್ಲಿ ಅಪ್ಪಯ್ಯನಿಂದಲೂ ನಾಲ್ಕೂ ಬಾಗಿಲುಗಳ ಹೊಟ್ಟೆ ವರ್ಷವಿಡೀ ಒದ್ದೆಯಾಗಿಯೇ ಇರುತ್ತಿತ್ತು.

ಮೊದಲ ಎರಡು ದಿನ ಉಸ್ತಾದರು ಯಾವ ಯಂತ್ರವನ್ನೂ ಮುಟ್ಟಲಿಲ್ಲ. ಹಲಸಿನ ಹಣ್ಣನ್ನು ಬಡಿದು ನೋಡುವಂತೆ ಬೆರಳಿನ ಗೆಣ್ಣಿನಿಂದ ಕಾರಿನ ಮೈಯನ್ನೆಲ್ಲ ಬಡಿಯುತ್ತ ಹೋದರು. ಗಟ್ಟಿ ತಗಡು ಠಣ್ಣೆನ್ನುತ್ತದೆ, ತಗ್ಗು ಮುಚ್ಚಲು ಮೆತ್ತುವ ಲೇಪವಾದ ಪುಟ್ಟಿ ತುಂಬಿದ ಕಡೆ ಶಬ್ದ ಮಂಕಾಗುತ್ತದೆ. ನಾನು ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಅಯಸ್ಕಾಂತವೊಂದನ್ನು ಒಯ್ದು ಅವರ ಹಿಂದೆಯೇ ಪರೀಕ್ಷೆ ಮಾಡುತ್ತ ಬಂದೆ. ಅವರ ಗೆಣ್ಣು ಸಂಶಯ ಪಟ್ಟಲ್ಲೆಲ್ಲ ನನ್ನ ಅಯಸ್ಕಾಂತ ಜಾರಿ ಬಿತ್ತು. ಸೀಮೆಸುಣ್ಣದಲ್ಲಿ ಗುರುತು ಹಾಕುತ್ತ ಹೋದಾಗ ಕಾರಿನ ನಕಾಶೆಯೇ ಸಿದ್ಧವಾಯಿತು: ಎರಡೂ ಹೊಸ್ತಿಲುಗಳು, ನಾಲ್ಕೂ ಬಾಗಿಲುಗಳ ಕೆಳಗಿನ ಒಂದು ಗೇಣು, ಹಿಂದಿನ ಚಕ್ರಗಳ ಕಮಾನು, ಚಾಲಕನ ಕಾಲಡಿಯ ನೆಲ, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಜಾಗ. ಮಾಡಿಗೆ, ಬಾನೆಟ್ಟಿಗೆ ಏನೂ ಆಗಿರಲಿಲ್ಲ. ನೀರು ಹರಿದು ಹೋಗುವ ಕಡೆಯೆಲ್ಲ ತಗಡು ಹೊಸದರಂತೆಯೇ ಇತ್ತು, ನೀರು ನಿಲ್ಲುವ ಕಡೆಯೆಲ್ಲ ಹೋಗಿತ್ತು. ಅಲ್ಲಿಂದ ಮುಂದೆ ಪ್ರತಿ ತೂತಿನ ಮುಂದೆಯೂ ನಾನು ಕೇಳಿಕೊಂಡ ಪ್ರಶ್ನೆ ಒಂದೇ: ಇಲ್ಲಿ ನೀರು ನಿಂತದ್ದು ಯಾಕೆ? ಅದಕ್ಕೆ ಉತ್ತರ ಸಿಗುವ ಮೊದಲೇ ತೇಪೆ ಹಾಕಿದರೆ ಆ ತೇಪೆ ಎಷ್ಟೇ ಚೆನ್ನಾಗಿದ್ದರೂ ಇನ್ನು ಹತ್ತು ವರ್ಷಕ್ಕೆ ಅದೇ ಜಾಗದಲ್ಲಿ ಅದೇ ತೂತು.

ಸಿಎಸ್‌ಟಿ ರಸ್ತೆಯ ಗುಜರಿ ಅಂಗಡಿಗಳಲ್ಲಿ ಆ ವರ್ಷ ಪದ್ಮಿನಿ ಟ್ಯಾಕ್ಸಿಗಳ ಬಾಗಿಲು, ಡಿಕ್ಕಿ ಮುಚ್ಚಳ ಮುಂತಾದವು ಸಿಗುತ್ತಿದ್ದವು. 20 ವರ್ಷ ತುಂಬಿದ ಟ್ಯಾಕ್ಸಿಗಳು ಒಂದೊಂದಾಗಿ ಅಲ್ಲಿಗೆ ಬಂದು ಸೇರುತ್ತಿದ್ದ ಕಾಲ ಅದು. ಇಡೀ ದೇಹವನ್ನೇ ತಂದು ಎಂಜಿನ್ ಕೂರಿಸಿದರೆ ಖರ್ಚು ಅರ್ಧಕ್ಕೆ ಇಳಿಯುತ್ತದೆ ಎಂಬ ಸಲಹೆಯೂ ಬಂತು. ನಾನು ಒಪ್ಪಲಿಲ್ಲ. ಕಾಯಿದೆಯ ಕಾರಣ ಹೇಳಬಹುದು: ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದಿರುವ ವಾಹನಕ್ಕೆ ಮಾತ್ರ ವಿಂಟೇಜ್ ಎಂಬ ನೋಂದಣಿ ಸಿಗುತ್ತದೆ, ದೇಹವನ್ನೇ ಬದಲಿಸಿದರೆ ಮೂಲ ರೂಪ ಎಲ್ಲಿ ಉಳಿಯಿತು? ಆದರೆ ಆ ನೋಂದಣಿ ಪಡೆದ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲವಾದ್ದರಿಂದ ನಾನು ಅರ್ಜಿಯನ್ನೇ ಹಾಕಿಲ್ಲ. ಮಾಟುಂಗಾ ಮಾರ್ಕೆಟ್ಟಿಗೆ ತರಕಾರಿಗೆಂದು ಹೋಗಲಾಗದ ಕಾರು ನನಗೆ ಬೇಡ. ನಿಜವಾದ ಕಾರಣವೆಂದರೆ, ಟ್ಯಾಕ್ಸಿಯ ದೇಹವೂ ಇದೇ ಊರಿನ ಮಳೆಯಲ್ಲೇ ನೆನೆದದ್ದು. ಅದರ ಹೊಸ್ತಿಲೊಳಗೆ ಏನಿದೆಯೆಂದು ಯಾರು ಬಲ್ಲರು?

ನಮ್ಮ ಹೊಸ್ತಿಲೊಳಗೆ ಏನಿತ್ತು ಎಂಬುದು ಡಿಸೆಂಬರಿನ ಮೊದಲ ವಾರ ತಿಳಿಯಿತು. ಕತ್ತರಿಸುವ ಮುನ್ನ ಬ್ಯಾಟರಿ ಕಳಚಿ, ಪೆಟ್ರೋಲ್ ಟ್ಯಾಂಕ್ ಇಳಿಸಿ, ಸೀಟು ಚಾಪೆಗಳನ್ನೆಲ್ಲ ಹೊರಗೆ ಹಾಕಿದ್ದೆವು. ಉಸ್ತಾದರು ಬಲಬದಿಯ ಹೊಸ್ತಿಲ ಹೊರತಗಡಿನ ಮೇಲೆ ಗ್ರೈಂಡರ್ ಓಡಿಸಿದಾಗ ಕಿಡಿ ಹಾರಲಿಲ್ಲ. ಬಿಳಿಯ ಪುಡಿ ಹಾರಿತು. ಎರಡು ಬೆರಳು ದಪ್ಪದ ಪುಟ್ಟಿ, ಅದರ ಕೆಳಗೆ ಕೋಳಿಗೂಡಿಗೆ ಹಾಕುವಂಥ ತಂತಿಬಲೆ, ಬಲೆಯ ಹಿಂದೆ ತೂತು. 1999ರಲ್ಲಿ ಒಂದು ಗ್ಯಾರೇಜಿನವರು ‘ಪೂರಾ ನಯಾ ಪತ್ರಾ’ ಹಾಕಿದ್ದೇವೆಂದು ಅಪ್ಪಯ್ಯನಿಂದ ದುಡ್ಡು ತೆಗೆದುಕೊಂಡದ್ದು ನನಗೆ ಚೆನ್ನಾಗಿ ನೆನಪಿದೆ. ಹೊಸ ತಗಡು ಎನ್ನುವುದಕ್ಕೆ ಅದರಲ್ಲಿ ಒಂದು ಅಂಗುಲವೂ ಇರಲಿಲ್ಲ. “ಹೊರಗ ಮದಿಮಗ, ಒಳಗ ಹಪ್ಪಳ,” ಎಂದು ಉಸ್ತಾದರು ನಕ್ಕರು. ನನಗೆ ನಗು ಬರಲಿಲ್ಲ.

ಹೊರತಗಡನ್ನು ಉದ್ದಕ್ಕೂ ಸುಲಿದು ತೆಗೆದಾಗ ಒಳಗಿದ್ದದ್ದು ಪದರ ಪದರವಾಗಿ ಕೂತ ಮಣ್ಣು. ಮೇಲೆ ಬೂದುಬಣ್ಣದ, ಮೈದಾಹಿಟ್ಟಿನಷ್ಟು ನಯವಾದ ಕೆಸರು ಒಣಗಿ ಬಿರುಕುಬಿಟ್ಟಿತ್ತು. ಅದರ ಕೆಳಗೆ ಡಾಂಬರಿನ ಗಟ್ಟಿ ತುಣುಕುಗಳು. ಎಲ್ಲಕ್ಕಿಂತ ತಳದಲ್ಲಿ ನಾಲ್ಕು ಬೆರಳು ದಪ್ಪಕ್ಕೆ ಕೆಂಪು ಮಣ್ಣು, ಮುಂಬಯಿಯಲ್ಲಿ ಎಲ್ಲಿಯೂ ಕಾಣದ, ನಮ್ಮ ಕರಾವಳಿಯ ಜಂಬಿಟ್ಟಿಗೆಯ ಕೆಂಪು. ನಾನು ಅಲ್ಲಿಯೇ ಕುಕ್ಕರುಗಾಲಿನಲ್ಲಿ ಕುಳಿತು ಬೆರಳಿನಿಂದ ಕೆದಕಿ ನೋಡಿದೆ. ಪ್ರತಿವರ್ಷ ಮೇ ತಿಂಗಳಲ್ಲಿ ಆಗಿನ 17ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ, ಮಹಾಡ, ಚಿಪಳೂಣ, ಸಾವಂತವಾಡಿ, ಗೋವೆ, ಕಾರವಾರ ದಾಟಿ ಊರಿಗೆ ಹೋಗುತ್ತಿದ್ದೆವು. ಮನೆಯ ಮುಂದಿನ ಮಣ್ಣುದಾರಿಯಲ್ಲಿ ಮೊದಲ ಮಳೆ ಬಿದ್ದ ಮೇಲೆ ಹೊರಟರೆ ಗಾಲಿ ಎರಚಿದ ಕೆಸರು ಕಾರಿನ ಅರ್ಧ ಮೈಗೆ ಹತ್ತುತ್ತಿತ್ತು. ಮುಂದಿನ ಗಾಲಿಯ ಹಿಂದೆ ಹೊಸ್ತಿಲ ಬಾಯಿ ಮುಚ್ಚುವ ತಗಡು ಎಂದೋ ತೂತಾಗಿದ್ದುದರಿಂದ ಆ ಕೆಸರೆಲ್ಲ ಒಳಗೆ ಸೇರಿಕೊಂಡಿದೆ. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡಲಾರಂಭಿಸಿದ ಮೇಲೆ ನಾವು ಕಾರಿನಲ್ಲಿ ಊರಿಗೆ ಹೋದದ್ದಿಲ್ಲ. ಕೆಂಪು ಪದರ ಅಲ್ಲಿಗೆ ಮುಗಿದಿದೆ. ಡಾಂಬರು ಮರುವರ್ಷದ ಆ ಗ್ಯಾರೇಜಿನದು: ತುಕ್ಕು ಬಾರದಿರಲೆಂದು ಬಳಿಯುವ ಭರದಲ್ಲಿ ಹೊಸ್ತಿಲ ತಳದಲ್ಲಿ ನೀರು ಇಳಿದುಹೋಗಲು ಇದ್ದ ತೂತುಗಳನ್ನೂ ಮುಚ್ಚಿಬಿಟ್ಟಿದ್ದರು. ಇನ್ನು ಬೂದುಬಣ್ಣದ ಕೆಸರು 2005ರ ಜುಲೈ 26ರದು. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ ಆ ರಾತ್ರಿ ನಮ್ಮ ಕಾರು ಸೀಟಿನ ಮಟ್ಟದವರೆಗೆ ನೀರಿನಲ್ಲಿ ನಿಂತಿತ್ತು. ಮರುದಿನ ನೀರು ಇಳಿಯಿತು, ಅಪ್ಪಯ್ಯ ಸೀಟು ಒಣಗಿಸಿದರು, ಎಂಜಿನ್ ಬಿಚ್ಚಿಸಿ ತೊಳೆಸಿದರು. ಹೊಸ್ತಿಲೊಳಗೆ ಹೋದ ನೀರು ಮಾತ್ರ ಹೊರಬರಲು ದಾರಿಯಿಲ್ಲದೆ ಕೆಂಪು ಮಣ್ಣಿನಲ್ಲಿ ಇಂಗಿತು. ಒದ್ದೆ ಮಣ್ಣು ಹುಣ್ಣಿಗೆ ಕಟ್ಟಿದ ಪೋಟೀಸಿನಂತೆ ತಗಡಿಗೆ ಅಂಟಿಕೊಂಡು, ಗಾಳಿಯ ತೇವವನ್ನು ಕುಡಿಯುತ್ತ, ಹದಿನೇಳು ವರ್ಷ ಅದನ್ನು ನೆಕ್ಕಿದೆ.

ಆ ಕೆಂಪು ಮಣ್ಣನ್ನು ಒಂದು ಹಾರ್ಲಿಕ್ಸ್ ಬಾಟಲಿಗೆ ತುಂಬಿ ಮನೆಗೆ ತಂದೆ. ಅಮ್ಮ ಅದರಲ್ಲಿ ಕರಿಬೇವಿನ ಸಸಿ ನೆಟ್ಟಿದ್ದಾರೆ.

ಹೊಸ್ತಿಲನ್ನು ಕತ್ತರಿಸುವುದು ಕಷ್ಟವಲ್ಲ. ಕತ್ತರಿಸಿದ ಮೇಲೆ ಕಾರು ಇನ್ನಷ್ಟು ಬಾಗದಂತೆ ನೋಡಿಕೊಳ್ಳುವುದು ಕಷ್ಟ. ಆದ್ದರಿಂದ ಒಳತಗಡನ್ನು ಮುಟ್ಟುವ ಮೊದಲೇ 25 ಮಿಲಿಮೀಟರಿನ ಚೌಕದ ಕೊಳವೆಗಳನ್ನು ಬಾಗಿಲ ಬಾಯಿಗಳಿಗೆ ಅಡ್ಡಡ್ಡ ಬೆಸೆದು ಆಧಾರ ಕೊಟ್ಟೆವು. ಒಂದು ಬದಿ ಮುಗಿಯುವ ತನಕ ಇನ್ನೊಂದು ಬದಿಗೆ ಕೈ ಹಾಕಲಿಲ್ಲ. ನಡುವೆ ಜಾಕ್ ಇಟ್ಟು ಸ್ವಲ್ಪಸ್ವಲ್ಪವೇ ಎತ್ತುತ್ತ ಬಾಗಿಲಿಗೂ ಕಂಬಕ್ಕೂ ನಡುವಣ ಸಂದನ್ನು ಅಳೆದೆವು; ಕೆಲಸಕ್ಕೆ ಮೊದಲು ಅದು ಮೇಲ್ಗಡೆ 3 ಮಿಲಿಮೀಟರ್, ಕೆಳಗಡೆ 8 ಮಿಲಿಮೀಟರ್ ಇತ್ತು. ಮೇಲೂ ಕೆಳಗೂ 5 ಆದಾಗ ಉಸ್ತಾದರು ಕೈ ಎತ್ತಿ ನಿಲ್ಲಿಸಿದರು. ಬಾಗಿಲುಗಳನ್ನು ಕಳಚಿಟ್ಟು ಹೊಸ್ತಿಲು ಬೆಸೆಯುವವರೂ ಇದ್ದಾರೆ, ಕೈಗೆ ಜಾಗ ಹೆಚ್ಚು ಸಿಗುತ್ತದೆ ಎಂದು. ಬೆಸೆದಾದ ಮೇಲೆ ಬಾಗಿಲು ತಂದು ನೋಡಿದರೆ ಅದು ಹಿಡಿಸುವುದಿಲ್ಲ, ಆಗ ಬಾಗಿಲನ್ನೇ ಬಡಿದು ಬಗ್ಗಿಸುತ್ತಾರೆ. ನಮ್ಮಲ್ಲಿ ಪ್ರತಿ ಹಂತದಲ್ಲೂ ಬಾಗಿಲು ಹಾಕಿ ತೆಗೆದು ನೋಡುತ್ತಿದ್ದುದರಿಂದ ಕೆಲಸ ಎರಡರಷ್ಟು ನಿಧಾನವಾಯಿತು.

ಹೊಸ ಹೊಸ್ತಿಲಿನ ಅಚ್ಚನ್ನು ಹಳೆಯ ಗೋಡೆ ಕ್ಯಾಲೆಂಡರಿನ ರಟ್ಟಿನಲ್ಲಿ ಕತ್ತರಿಸಿದೆವು. ತಗಡು ಕೊಳ್ಳುವಾಗ ಒಂದು ವಾದ ನಡೆಯಿತು. ಸತುವಿನ ಲೇಪವಿರುವ ಜಿಐ ತಗಡು ಹಾಕಿದರೆ ತುಕ್ಕು ಹಿಡಿಯುವುದಿಲ್ಲವಲ್ಲ ಎಂದು ನಾನು ಕೇಳಿದೆ. ಬೆಸೆಯುವಾಗ ಸತುವು ಸುಟ್ಟು ಬಿಳಿಯ ಹೊಗೆಯಾಗುತ್ತದೆ, ಅದನ್ನು ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ, ಬೆಸುಗೆಯೂ ತೂತುತೂತಾಗುತ್ತದೆ, ಅದೂ ಅಲ್ಲದೆ ಲೇಪ ಸುಟ್ಟುಹೋಗುವುದು ಬೆಸೆದ ಜಾಗದಲ್ಲೇ ತಾನೇ ಎಂದು ಉಸ್ತಾದರು ಹೇಳಿದಾಗ ನಾನು ಸುಮ್ಮನಾದೆ. ಕೊನೆಗೆ ಹೊಸ್ತಿಲಿಗೆ 18 ಗೇಜಿನ, ಬಾಗಿಲ ಮೈಗೆ 20 ಗೇಜಿನ ಸಾಧಾರಣ ಸಿಆರ್ ತಗಡನ್ನು, ಅಂದರೆ ಲೇಪವಿಲ್ಲದ ಉಕ್ಕಿನ ತಗಡನ್ನು, ತಂದೆವು. ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 1.2 ಮತ್ತು 0.9 ಮಿಲಿಮೀಟರ್ ದಪ್ಪ. ಮೂಲದಲ್ಲಿ ಕಾರ್ಖಾನೆಯವರು ಸ್ಪಾಟ್ ವೆಲ್ಡ್ ಮಾಡಿದ್ದ, ಅಂದರೆ ಚುಕ್ಕೆಚುಕ್ಕೆಯಾಗಿ ಬೆಸೆದಿದ್ದ, ತಳದ ಅಂಚಿನಲ್ಲಿ ಹೊಸ ತಗಡಿಗೆ ಸಾಲಾಗಿ 8 ಮಿಲಿಮೀಟರಿನ ತೂತು ಕೊರೆದು, ಸಂದಿನೊಳಗೆ ಸತುವಿನ ಪ್ರೈಮರ್ ಬಳಿದು, ತೂತಿನ ಮೂಲಕ ಕೆಳಗಿನ ತಗಡಿಗೆ ಬೆಸುಗೆ ತುಂಬಿದೆವು. ಮಟ್ಟಸವಾಗಿ ಉಜ್ಜಿದ ಮೇಲೆ ಹಳೆಯ ಸ್ಪಾಟ್ ವೆಲ್ಡಿಗೂ ಇದಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಬಾಗಿಲ ಮೈಯ ಕೆಲಸ ಬೇರೆಯೇ ಜಾತಿಯದು. ಹೊಸ್ತಿಲಿಗೆ ಬೇಕಾದದ್ದು ಬಲ. ಬಾಗಿಲಿನ ತಗಡಿಗೆ ಬೇಕಾದದ್ದು ರೂಪ. ಹಳೆಯ ತಗಡಿನ ಮೇಲೆ ಹೊಸದನ್ನು ಹೊದಿಸಿ ಅಂಚು ಬೆಸೆದರೆ ಅರ್ಧ ದಿನದ ಕೆಲಸ, ಆದರೆ ಎರಡು ತಗಡುಗಳ ನಡುವೆ ಉಳಿಯುವ ಸಂದು ನೀರಿಗೆ ಕೊಟ್ಟ ಬಾಡಿಗೆ ಕೋಣೆ. ಹಾಗಾಗಿ ಕೊಳೆತ ಭಾಗವನ್ನು ಹೊಳೆಯುವ ಲೋಹ ಸಿಗುವ ತನಕ, ಅದರಾಚೆ ಇನ್ನೂ ಒಂದು ಅಂಗುಲ ಕತ್ತರಿಸಿ, ಹೊಸ ತುಂಡನ್ನು ಅಂಚಿಗೆ ಅಂಚು ಕೂಡಿಸಿ ಬೆಸೆಯಬೇಕೆಂದು ನಿಶ್ಚಯಿಸಿದೆವು. ಹೊಸ್ತಿಲನ್ನು ವಿದ್ಯುತ್ತಿನಿಂದ ತಂತಿ ಕರಗಿಸಿ ಬೆಸೆಯುವ ಮಿಗ್ ಯಂತ್ರದಲ್ಲಿ, 0.8 ಮಿಲಿಮೀಟರ್ ತಂತಿ ಮತ್ತು ಆರ್ಗಾನ್ ಬೆರೆಸಿದ ಅನಿಲದಿಂದ ಬೆಸೆದಿದ್ದ ಉಸ್ತಾದರು ಬಾಗಿಲಿನ ಸರದಿ ಬಂದಾಗ ಮೂಲೆಯಿಂದ ಹಳೆಯ ಗ್ಯಾಸ್ ಟಾರ್ಚನ್ನು ಎಳೆದು ತಂದರು. ಮಿಗ್‌ನಲ್ಲಿ ಶಾಖ ಕಡಿಮೆ ಜಾಗಕ್ಕೆ ಹಬ್ಬುತ್ತದೆ ನಿಜ, ಆದರೆ ಆ ಬೆಸುಗೆಯ ಗೆರೆ ಗಡುಸು, ಸುತ್ತಿಗೆಗೆ ಬಗ್ಗುವುದಿಲ್ಲ. ಗ್ಯಾಸಿನ ಬೆಸುಗೆ ಮೆತ್ತಗಿರುತ್ತದೆ. ಒಳಗೆ ಡಾಲಿ ಎಂಬ ಕಬ್ಬಿಣದ ಗಟ್ಟಿಯನ್ನು ಹಿಡಿದು ಹೊರಗಿನಿಂದ ಬಡಿದರೆ ತಗಡಿನಲ್ಲಿ ತಗಡಾಗಿ ಸೇರಿಕೊಳ್ಳುತ್ತದೆ. ಅದಕ್ಕೆ ಕೈ ಪಳಗಿರಬೇಕು ಅಷ್ಟೆ. ಒಂದು ಚುಕ್ಕೆ ಇಲ್ಲಿ, ಮುಂದಿನದು ಒಂದು ಗೇಣು ಆಚೆ, ನಡುವೆ ಬೀಡಿ ಹಚ್ಚುವಷ್ಟು ಬಿಡುವು. ಅಂಗೈ ಇಟ್ಟರೆ ಸುಡದಷ್ಟು ತಣ್ಣಗಾದ ಮೇಲೆಯೇ ಮತ್ತೊಂದು ಚುಕ್ಕೆ.

ಅಷ್ಟೆಲ್ಲ ಎಚ್ಚರ ವಹಿಸಿದರೂ ಎಡಬದಿಯ ಮುಂದಿನ ಬಾಗಿಲು ಕೈಕೊಟ್ಟಿತು. ಬೆಸೆದ ಗೆರೆಯ ಮೇಲ್ಗಡೆ ಅಂಗೈ ಅಗಲದ ಉಬ್ಬು ಎದ್ದು, ಒತ್ತಿದರೆ ಟಕ್ ಎಂದು ಒಳಗೆ, ಬಿಟ್ಟರೆ ಟಕ್ ಎಂದು ಹೊರಗೆ ಬರತೊಡಗಿತು. ಬೆಸೆದ ಗೆರೆ ತಣಿದು ಕುಗ್ಗಿದಾಗ ಪಕ್ಕದ ತಗಡಿಗೆ ಮೊದಲಿನ ಜಾಗ ಸಾಲದೆ ಹೀಗಾಗುತ್ತದೆ. ಇನ್ನು ಇದಕ್ಕೆ ಪುಟ್ಟಿಯೇ ಗತಿ ಎಂದು ನಾನು ಅಂದುಕೊಂಡೆ. ಉಸ್ತಾದರು ಟಾರ್ಚಿನ ಜ್ವಾಲೆಯನ್ನು ಸೂಜಿಯಷ್ಟು ಮಾಡಿ ಉಬ್ಬಿನ ನೆತ್ತಿಯಲ್ಲಿ ನಾಲ್ಕಾಣೆ ಬಿಲ್ಲೆಯಷ್ಟು ಜಾಗವನ್ನು ಕೆಂಪಗೆ ಕಾಯಿಸಿದರು, ಮರದ ಕೊಡತಿಯಿಂದ ಅದರ ಸುತ್ತ ಮೂರು ಏಟು ಹಾಕಿದರು, ತಕ್ಷಣ ಒದ್ದೆ ಬಟ್ಟೆಯನ್ನು ಒತ್ತಿದರು. ಚುಂಯ್ ಎಂದು ಆವಿ ಎದ್ದಿತು. ಕೆಂಪಾದ ಜಾಗ ಹಿಗ್ಗಲು ಹೋಗಿ, ಸುತ್ತಲಿನ ತಣ್ಣನೆಯ ತಗಡು ಬಿಡದಿದ್ದುದರಿಂದ ತನ್ನಲ್ಲೇ ದಪ್ಪಗಾಗಿ, ತಣಿದಾಗ ಮೊದಲಿಗಿಂತ ಚಿಕ್ಕದಾಗುತ್ತದೆ ಎಂಬುದು ಇದರ ಮರ್ಮ. ನಾಲ್ಕು ಸಲ ಹೀಗೆ ಮಾಡಿದ ಮೇಲೆ ಟಕ್ ಎನ್ನುವ ಶಬ್ದ ನಿಂತಿತು. ಐದನೆಯದನ್ನು ಮಾಡಲು ಅವರು ಒಪ್ಪಲಿಲ್ಲ. “ಅತೀ ಆಶಾ ಬ್ಯಾಡ್ರಿ ಸರ, ಮತ್ತ ಆ ಕಡೆ ಎಳೀತದ.”

ಪೂರ್ತಿ ಕತ್ತರಿಸಬೇಕಿಲ್ಲದ, ಮೇಲ್ಮೈಯಲ್ಲಿ ಮಾತ್ರ ಗುಳಿ ಬಿದ್ದ ಕಡೆ ರಾಸಾಯನಿಕವನ್ನು ಬಳಸಿದೆವು. ತಂತಿ ಬ್ರಶ್ಶಿನಿಂದ ಎಷ್ಟು ಉಜ್ಜಿದರೂ ಗುಳಿಯ ತಳದ ತುಕ್ಕು ಹೋಗುವುದಿಲ್ಲ, ಮಿರುಗುತ್ತದೆ ಅಷ್ಟೆ. ಹಾಗೆ ಮಿರುಗುವುದನ್ನು ನೋಡಿ ಶುದ್ಧವಾಯಿತೆಂದು ಬಹಳ ಜನ ಮೋಸಹೋಗುತ್ತಾರೆ. ಫಾಸ್ಫರಿಕ್ ಆಮ್ಲವನ್ನು ತೆಳುವಾಗಿ ಬಳಿದರೆ ಅದು ತುಕ್ಕನ್ನು ಕರಗಿಸಿ, ಲೋಹದ ಮೇಲೆ ಬೂದುಬಣ್ಣದ ಫಾಸ್ಫೇಟಿನ ಪೊರೆ ಬಿಡುತ್ತದೆ. ಆಮೇಲೆ ನೀರಿನಿಂದ ಚೆನ್ನಾಗಿ ತೊಳೆದು ಒಣಗಿಸಲೇಬೇಕು, ಏಕೆಂದರೆ ಆಮ್ಲದ ಅಂಟು ಉಳಿದರೆ ಅದರ ಮೇಲೆ ಬಣ್ಣಕ್ಕೆ ಮೊದಲು ಬಳಿಯುವ ಎಪಾಕ್ಸಿ ಪ್ರೈಮರ್ ಗಟ್ಟಿಯಾಗಿ ಕೂರುವುದಿಲ್ಲ. ಇನ್ನೊಂದು ಬಗೆಯ ದ್ರಾವಣದಲ್ಲಿ ತೊಗಟೆ, ಕಾಯಿಗಳ ಒಗರಿನ ಅಂಶವಾದ ಟ್ಯಾನಿನ್ ಇರುತ್ತದೆ. ಬಳಿದ ಸ್ವಲ್ಪ ಹೊತ್ತಿಗೆ ಕೆಂಪು ತುಕ್ಕು ನೀಲಿಗಪ್ಪಾಗುತ್ತದೆ. ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣದ ಲವಣವಾದ ಅನ್ನಭೇದಿ ಬೆರೆಸಿ ನಮ್ಮ ಹಿರಿಯರು ಬರೆಯುವ ಶಾಯಿ ಮಾಡುತ್ತಿದ್ದುದೂ ಇದೇ ಟ್ಯಾನಿನ್ ಮತ್ತು ಕಬ್ಬಿಣದ ಕೂಟದಿಂದಲೇ. ಡಿಕ್ಕಿಯ ತಳಕ್ಕೆ ಅದನ್ನು ಬಳಿದ ಸಂಜೆ ನನ್ನ ಬೆರಳುಗಳು ಶಾನುಭೋಗರ ಬೆರಳಿನಂತಾಗಿದ್ದವು.

ಮಾರ್ಚ್ ಕಳೆದಂತೆ ಗಾಳಿಯ ತೇವ ಏರತೊಡಗಿತು. ಸಂಜೆ ಉಜ್ಜಿ ಬೆಳ್ಳಗೆ ಬಿಟ್ಟುಹೋದ ತಗಡಿನ ಮೇಲೆ ಬೆಳಿಗ್ಗೆ ಹೊತ್ತಿಗೆ ಕೇಸರಿಯ ಛಾಯೆ ಕಾಣಿಸಿಕೊಂಡದ್ದನ್ನು ನೋಡಿದ ಮೇಲೆ, ಅಂದು ಬಯಲು ಮಾಡಿದ್ದನ್ನು ಅಂದೇ ಎಪಾಕ್ಸಿಯಲ್ಲಿ ಮುಚ್ಚಬೇಕು ಎಂದು ಕರಾರು ಮಾಡಿಕೊಂಡೆವು. ಪುಟ್ಟಿಯನ್ನು ನಾವೂ ಬಳಸಿದೆವು. ಅದರ ಮೇಲೆ ನನಗೆ ದ್ವೇಷವಿಲ್ಲ. ಎಪಾಕ್ಸಿಯ ಮೇಲೆ, ಎರಡು ಮಿಲಿಮೀಟರಿಗೆ ಮೀರದಂತೆ, ಸುತ್ತಿಗೆಯ ಗುರುತು ಮುಚ್ಚಲು ಬಳಸಿದರೆ ಅದು ಪುಟ್ಟಿ. ಬರಿಯ ತಗಡಿನ ಮೇಲೆ ಹಚ್ಚಿದರೆ ತೇವ ಹೀರುವ ಸ್ಪಂಜು. ಬಣ್ಣದ ವಿಷಯದಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಮೂಲದ ತಿಳಿಬೂದು ಬಣ್ಣವನ್ನೇ ಮೇ ಮೂರನೆಯ ವಾರ ಹೊಡೆಸಿದೆವು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಕೆಲಸಕ್ಕಿಳಿದ ಹುಡುಗನನ್ನು ನಿಲ್ಲಿಸಿ, ಹೊರಗಿನ ಗಾಳಿಯನ್ನು ನಳಿಗೆಯಲ್ಲಿ ತರುವ ಮುಖವಾಡವನ್ನು ಬಾಡಿಗೆಗೆ ತರಿಸಿದೆ. ಈಗಿನ ಪಿಯು (ಪಾಲಿಯುರಿಥೇನ್) ಬಣ್ಣ ಗಟ್ಟಿಯಾಗಲೆಂದು ಬೆರೆಸುವ ಹಾರ್ಡನರಿನಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಒಮ್ಮೆ ಹಿಡಿಸಿತೆಂದರೆ ಆಸ್ತಮಾ ಆಗಿ ಬಿಡದೆ ಕಾಡುತ್ತದೆ. ಒಂದು ದಿನ ಹಾಳಾಯಿತೆಂದು ಗ್ಯಾರೇಜಿನಲ್ಲಿ ಗೊಣಗಿದರು.

ಕೊನೆಯ ಕೆಲಸ ನಾನೇ ಮಾಡಿದ್ದು. ಹೊಸ್ತಿಲು ಮತ್ತು ಬಾಗಿಲುಗಳ ಒಳಹೊಟ್ಟೆಗೆ ಉದ್ದನೆಯ ನಳಿಗೆಯಿಂದ ಮೇಣ ಸಿಂಪಡಿಸುವುದು, ತಳದ ತೂತುಗಳನ್ನು ತೆರೆದಿಡುವುದು. 2023ರಲ್ಲಿ ಮುಂಗಾರು ತಡವಾಗಿ, ಜೂನ್ 25ರಂದು, ಮುಂಬಯಿಗೂ ದೆಹಲಿಗೂ ಒಂದೇ ದಿನ ಬಂದಿತು. ಅದು ಭಾನುವಾರ. ಕಾರಿನ ಕೆಳಗೆ ಹಳೆಯ ಪತ್ರಿಕೆಗಳನ್ನು ಹಾಸಿ, ಕೊಡೆ ಹಿಡಿದು, ನೀರು ಎಲ್ಲೆಲ್ಲಿ ತೊಟ್ಟಿಕ್ಕುತ್ತದೆ ಎಂದು ನೋಡುತ್ತ ಕುಳಿತೆ. ಎರಡೂ ಹೊಸ್ತಿಲುಗಳ ಕೆಳಗೆ ಕಾಗದ ಒಣಗಿತ್ತು. ಮೂರು ಬಾಗಿಲುಗಳ ತಳದಿಂದ ಹನಿಗಳು ಸಾಲಾಗಿ ಬೀಳುತ್ತಿದ್ದವು. ನಾಲ್ಕನೆಯದು, ಬಲಬದಿಯ ಹಿಂದಿನದೇ, ಸುಮ್ಮನಿತ್ತು. ತೆರೆದಾಗ ಒಳಗೆ ನೀರು ಗಳಗಳ ಎಂದಿತು. ನಾನು ಧಾರಾಳವಾಗಿ ಸಿಂಪಡಿಸಿದ ಮೇಣ ಇಳಿದು ತೂತಿನಲ್ಲಿ ಗಟ್ಟಿಯಾಗಿತ್ತು. 1999ರ ಡಾಂಬರಿನವರು ಮಾಡಿದ್ದನ್ನೇ ನಾನೂ ಮಾಡಿದ್ದೆ. ಮನೆಯೊಳಗಿಂದ ಹಿಡಿಸೂಡಿಯ ಕಡ್ಡಿಯೊಂದನ್ನು ತಂದು ಚುಚ್ಚಿದೆ. ಅರ್ಧ ಚೊಂಬಿನಷ್ಟು ನೀರು ಮೇಣದ ಚೂರುಗಳೊಡನೆ ನನ್ನ ಕಾಲ ಮೇಲೆ ಸುರಿಯಿತು.

ಬಾಗಿಲು ಮುಚ್ಚುವಾಗ ಕೈ ತನ್ನ ಅಭ್ಯಾಸದಂತೆ ಅದನ್ನು ತುಸು ಮೇಲಕ್ಕೆತ್ತಿ ತಳ್ಳಿತು. ಚಿಲಕ ಚೌಕಟ್ಟಿಗೆ ಬಡಿದು ಬಾಗಿಲು ವಾಪಸು ಬಂತು. ಎರಡನೆಯ ಸಲ ಎತ್ತದೆ ತಳ್ಳಿದೆ, ಮುಚ್ಚಿಕೊಂಡಿತು.